ಅನುಸೂಯಾಬಾಯಿ ನೋಡಿದ ಒಂದೇ ಸಿನಿಮಾ

ನನ್ನ ಅತ್ತಿಗೆ ಅನುಸೂಯಾಬಾಯಿ ಇಡೀ ಜನ್ಮದಲ್ಲಿ ನೋಡಿದ್ದು ಒಂದೇ ಒಂದು ಸಿನಿಮಾ. ಅದನ್ನೂ ಕೊನೆಯವರೆಗೆ ನೋಡಲಿಲ್ಲ. ಅದು ಇಂಗ್ಲಿಷ್ ಸಿನಿಮಾ. ಅವಳಿಗೋ ಅಕ್ಷರದ ಗಂಧವಿರಲಿಲ್ಲ, ಭಾಲ್ಕಿಯ ಆಚೆಗೆ ಊರಿದೆ ಎಂದು ಕೇಳಿದ್ದಳೇ ಹೊರತು ಕಂಡವಳಲ್ಲ. ಆದರೂ ಆ ಡೇರೆಯಲ್ಲಿ ಕೂತಿದ್ದ ಅಷ್ಟೂ ಮಂದಿಯಲ್ಲಿ ಆ ಸಿನಿಮಾ ತಗುಲಿದ್ದು ಅವಳೊಬ್ಬಳಿಗೇ. ಹೇಗೆ ತಗುಲಿತು ಎಂದು ಹೇಳಬೇಕಾದರೆ ರಜಾಕಾರರ ಕಾಲಕ್ಕೆ ಹೋಗಬೇಕು.

ನಮ್ಮದು ಹಲಬರ್ಗಾ ಹತ್ತಿರದ ಒಂದು ಸಣ್ಣ ವಾಡಿ. ನನ್ನ ಅಣ್ಣ ಮನ್ಮಥಪ್ಪ ಮೆತ್ತನೆಯ ಮನುಷ್ಯ, ಇರುವೆ ಕಂಡರೆ ದಾಟಿ ಹೋಗುವವನು. ಅವನಿಗೆ ಸಿಕ್ಕವಳು ಈ ಅನುಸೂಯಾ. ಅವಳ ಬಾಯಿಗಿಂತ ಕೈ ಮುಂದು. ಹೆಂಡತಿಯನ್ನು ಬಡಿಯುತ್ತಿದ್ದ ನಮ್ಮ ದಾಯಾದಿ ಹಾವಗೆಪ್ಪನಿಗೆ ನಡುಬೀದಿಯಲ್ಲಿ ಕಡಗೋಲಿನಿಂದ ಬಾರಿಸಿದ್ದಳು. ನನಗೂ ಬಿದ್ದಿವೆ. ಸಾಲಿ ಬಿಡುತ್ತೇನೆ ಎಂದ ದಿನ ಎರಡು ಕೆನ್ನೆಗೂ ಸಮನಾಗಿ ಕೊಟ್ಟಿದ್ದಳು. ನಾನು ಮುಂದೆ ಮಾಸ್ತರಿಣಿಯಾದದ್ದು ಆ ಏಟಿನ ಪುಣ್ಯ ಎಂದು ಇವತ್ತಿಗೂ ಹೇಳುತ್ತೇನೆ.

ವಾಡಿಯ ಕೊನೆಗೆ ಬಳೆಗಾರ ಅಬ್ದುಲ ಗಫೂರನ ಮನೆ. ಗಂಡ ಬಳೆಯ ಗಂಟು ಹೊತ್ತು ಸಂತಪುರ, ಔರಾದದ ಸಂತೆಗಳಿಗೆ ಹೋಗುತ್ತಿದ್ದ. ಹೆಂಡತಿ ಕುಲಸುಮಬೀ ಮನೆಮನೆಗೆ ಬಂದು ತೊಡಿಸುತ್ತಿದ್ದಳು. ನಮ್ಮ ಕಡೆ ಬಳೆಗಾರತಿ ಅಂದರೆ ತವರಿನಿಂದ ಬಂದವಳ ಲೆಕ್ಕ. ಪಡಸಾಲೆಯಲ್ಲಿ ಕೂಡಿಸಿ, ರೊಟ್ಟಿ ಕೊಟ್ಟು, ಎಲ್ಲರ ಸುದ್ದಿ ಕೇಳಿಯೇ ಕಳಿಸುವುದು. ಅತ್ತಿಗೆಯ ಚೊಚ್ಚಲ ಬಸುರಿನ ಕುಬಸಕ್ಕೆ ಹಸಿರು ಬಳೆ ತೊಡಿಸಿದವಳೂ ಅವಳೇ, ಆಗ ಅವಳೂ ಬಸುರಿ. ಇಬ್ಬರಿಗೂ ಹೆಣ್ಣಾಯಿತು. ನಮ್ಮ ಮನೆಯದು ಶಿವಕಾಂತಾ, ಅವರ ಮನೆಯದು ಜಾಹೇದಾ. ಒಂದೇ ಪಡಸಾಲೆಯಲ್ಲಿ ಅಂಬೆಗಾಲಿಟ್ಟು ಒಂದೇ ರೊಟ್ಟಿಗೆ ಕಿತ್ತಾಡಿದ ಮಕ್ಕಳು.

ಮಕ್ಕಳು ನಡೆಯಲು ಕಲಿಯುವಷ್ಟರಲ್ಲಿ ನಿಜಾಮನ ರಾಜ್ಯಕ್ಕೆ ಹುಚ್ಚು ಹಿಡಿಯಿತು. ಗಫೂರ ಪುಕ್ಕಲ, ನಾಯಿ ಬೊಗಳಿದರೆ ಗಂಟು ಬಿಟ್ಟು ಓಡುತ್ತಿದ್ದವನು. ಅವನಿಗೆ ರಜಾಕಾರರು ಖಾಕಿ ಅಂಗಿ ತೊಡಿಸಿ ಕೈಗೊಂದು ಭರ್ಚಿ ಕೊಟ್ಟರು. ಪುಕ್ಕಲನ ಕೈಗೆ ಆಯುಧ ಬಂದರೆ ಏನಾಗುತ್ತದೆಂದು ನನಗೆ ಗೊತ್ತು, ನೋಡಿದ್ದೇನೆ. ನಲವತ್ತೆಂಟರ ಬೇಸಿಗೆಯಲ್ಲಿ ಅವರ ಲಾರಿ ನಮ್ಮ ವಾಡಿಗೆ ಬಂತು. ಗಫೂರ ಮುಂದೆ ಕೂತಿದ್ದ. ಅಡಗಿರುವ ಸತ್ಯಾಗ್ರಹಿಗಳಿಗೆ ಯಾವ ಮನೆಯಿಂದ ಬುತ್ತಿ ಹೋಗುತ್ತದೆ ಎಂದು ಕೇಳಿದಾಗ ನಮ್ಮ ಬಾಗಿಲಿಗೆ ಬೆರಳು ಮಾಡಿದ.

ನಾನೂ ಅತ್ತಿಗೆಯೂ ಹೊಲದಲ್ಲಿದ್ದೆವು. ಹೊಗೆ ನೋಡಿ ಓಡಿ ಬಂದೆವು. ಅಣ್ಣನನ್ನು ಹೊರಗೆಳೆದು ಕಾಲು ಮುರಿದಿದ್ದರು. ಮನೆಗೆ ಬೆಂಕಿ ಹಚ್ಚಿದ ಮೇಲೆ ಒಳಗೆ ತೊಟ್ಟಿಲಲ್ಲಿ ಮಗು ಮಲಗಿದೆ ಎಂದು ಅವನು ತೆವಳಿಕೊಂಡು ಬಾಗಿಲಿಗೆ ಹೋದನಂತೆ. ಹೊಸ್ತಿಲ ಮೇಲೆಯೇ ಗುಂಡು ಹೊಡೆದರು. ನಾವು ಬರುವಷ್ಟರಲ್ಲಿ ಮಾಳಿಗೆ ಕುಸಿದಿತ್ತು. ಮರುದಿನ ಅತ್ತಿಗೆ ಬರಿಗೈಯಲ್ಲಿ ಬಿಸಿ ಬೂದಿ ಕೆದರಿ ಮಗಳ ಕೊರಳಿನ ಲಿಂಗವನ್ನು ಹುಡುಕಿ ತೆಗೆದಳು. ಲಿಂಗವಿಡುವ ಕರಡಿಗೆಯ ಬೆಳ್ಳಿ ಕರಗಿತ್ತು, ಲಿಂಗ ಹಾಗೆಯೇ ಇತ್ತು. ಅದನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು.

ಹೆಂಗಸರು ಬಳೆ ಒಡೆಯಲು ಬಂದಾಗ ಅವರನ್ನು ನೂಕಿ, ತಾನೇ ಹೊಸ್ತಿಲ ಕಲ್ಲಿಗೆ ಎರಡೂ ಕೈ ಅಪ್ಪಳಿಸಿದಳು. ಹಸಿರು ಗಾಜು ಮಣಿಕಟ್ಟಿನಲ್ಲಿ ನೆಟ್ಟಿತು. ಅದೇ ಹೊತ್ತಿಗೆ ಕುಲಸುಮಬೀ ಅಳುತ್ತ ಬಂದಳು. ಅವಳದೇನು ತಪ್ಪಿತ್ತು? ಆದರೆ ಅತ್ತಿಗೆ ಅವಳ ಜಡೆ ಹಿಡಿದು ಬೀದಿಯ ತುದಿಯವರೆಗೆ ಎಳೆದುಕೊಂಡು ಹೋದಳು, ನಿನ್ನ ಗಂಡನನ್ನು ನಾನೇ ಕೊಲ್ಲುತ್ತೇನೆ ಎಂದಳು. ಸಿಟ್ಟಿನಲ್ಲಿ ಎಲ್ಲರೂ ಆಡುವ ಮಾತು ಎಂದುಕೊಂಡೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಪೊಲೀಸ್ ಆಕ್ಷನ್ ಆಯಿತು. ಹಿಂದೂಸ್ಥಾನದ ಫೌಜು ಬೀದರಕ್ಕೆ ಬಂತಂತೆ, ನಿಜಾಮ ಶರಣಾದನಂತೆ ಎಂದು ಸುದ್ದಿ ಬಂದ ಮರುದಿನವೇ ಸುತ್ತಿನ ಊರುಗಳ ಗಂಡಸರು ಕೊಡಲಿ ಹಿಡಿದು ನಿಂತರು. ಲಾರಿಯಲ್ಲಿ ಬಂದಿದ್ದ ಹೊರಗಿನ ರಜಾಕಾರರು ಎಂದೋ ಓಡಿಹೋಗಿದ್ದರು. ಸಿಕ್ಕವರು ಬಳೆಗಾರರು, ಪಿಂಜಾರರು, ಯಾರ ತಂಟೆಗೂ ಹೋಗದ ಮುದುಕರು. ನಾನು ಇದನ್ನು ಮುಚ್ಚಿಡುವುದಿಲ್ಲ. ನಮ್ಮ ಮನೆ ಸುಟ್ಟವರ ಬಗ್ಗೆ ಗಂಟಲು ಹರಿಯುವಂತೆ ಮಾತಾಡುವ ಮಂದಿ ಈ ಮಾತು ಬಂದಾಗ ಕೆಮ್ಮುತ್ತಾರೆ. ಅವರ ಕೆಮ್ಮು ಕೇಳಿದರೆ ನನಗೆ ಮೈ ಉರಿಯುತ್ತದೆ.

ಗುಂಪು ನಮ್ಮ ವಾಡಿಗೆ ಬಂದಾಗ ಅದರ ಮುಂದೆ ನಡೆದವಳು ನನ್ನ ಅತ್ತಿಗೆ. ಕೈಯಲ್ಲಿ ಜೋಳ ಕೊಯ್ಯುವ ಕುಡುಗೋಲು. ಗಫೂರನನ್ನು ಹಿತ್ತಲ ಬಾವಿಯ ಹತ್ತಿರ ಹಿಡಿದರು. ಅವನು ಅತ್ತಿಗೆಯ ಕಾಲಿಗೆ ಬಿದ್ದ. ಅವಳು ಬಗ್ಗಿ ಅವನ ಕುತ್ತಿಗೆಗೆ ಹೊಡೆದಳು. ಮೊದಲ ಏಟು ಅವಳದೇ. ಆಮೇಲಿನದನ್ನು ಉಳಿದವರು ಮುಗಿಸಿದರು. ಬಾವಿಯ ಕಟ್ಟೆಯ ಮೇಲೆ ನಿಂತು ಕುಲಸುಮಬೀ ಅಷ್ಟನ್ನೂ ನೋಡಿದಳು. ಗಂಡಸರು ತನ್ನ ಕಡೆ ತಿರುಗಿದ್ದೇ ತಡ, ಬಾವಿಗೆ ಹಾರಿದಳು. ಅವಳಿಗಿಂತ ಮೊದಲೇ ಹಾರಿದ ಪಿಂಜಾರರ ಹೆಂಗಸರು ಆ ಬಾವಿಯಲ್ಲಿದ್ದರು. ಒಬ್ಬರೂ ಉಳಿಯಲಿಲ್ಲವೆಂದೇ ನಾವು ತಿಳಿದೆವು.

ಮನೆ ಲೂಟಿಯಾಗುವಾಗ ಅತ್ತಿಗೆ ಒಳಗೆ ಹೋದಳು. ಖಾಲಿ ಕಣಜದೊಳಗೆ ಜಾಹೇದಾ ಕೂತಿತ್ತು, ಅಳದೆ, ಬಾಯಲ್ಲಿ ಹೆಬ್ಬೆರಳು ಇಟ್ಟುಕೊಂಡು. ಅತ್ತಿಗೆಯನ್ನು ಕಂಡು ಎರಡೂ ಕೈ ಮೇಲೆತ್ತಿತು. ದಿನಾ ನಮ್ಮ ಪಡಸಾಲೆಯಲ್ಲಿ ಎತ್ತುತ್ತಿದ್ದ ಹಾಗೆ. ಅವಳು ಅದನ್ನೆತ್ತಿ ಹೊರಗೆ ಬಂದಳು. ಬಾಗಿಲಲ್ಲಿ ಹಾವಗೆಪ್ಪ ಕೊಡಲಿ ಹಿಡಿದು ನಿಂತಿದ್ದ. ಹಾವಿನ ಮರಿಯೂ ಹಾವೇ, ಕೆಳಗಿಡು ಎಂದ. ಅವನ ಹಿಂದೆ ಇಪ್ಪತ್ತು ಮಂದಿ.

ಅತ್ತಿಗೆ ಸೆರಗಿನ ಗಂಟು ಹಲ್ಲಿನಿಂದ ಬಿಚ್ಚಿದಳು. ಸತ್ತ ಮಗಳ ಲಿಂಗವನ್ನು ತೆಗೆದು, ಸೀರೆಯ ಅಂಚು ಹರಿದು ಅದರಲ್ಲಿ ಸುತ್ತಿ, ಆ ಮಗುವಿನ ಕೊರಳಿಗೆ ಕಟ್ಟಿದಳು. ಆಮೇಲೆ ಮಗುವನ್ನು ಹಾವಗೆಪ್ಪನ ಕೊಡಲಿಯ ಎದುರಿಗೇ ಹಿಡಿದಳು.

"ಹೊಡಿ ಈಗ. ಕೊರಳಾಗ ಲಿಂಗ ಇದ್ದಾಕಿಗಿ ಹೊಡಿ."

ಹಾವಗೆಪ್ಪ ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರು ಮುಟ್ಟದವನು. ಅದು ಯಾರ ಮಗುವೆಂದು ಅವನಿಗೆ ಗೊತ್ತಿತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅರ್ಧ ಗಳಿಗೆಯ ಹಿಂದೆ ಮುದುಕರನ್ನು ಕಡಿದಿದ್ದ ಕೈ ಆ ಗೋಲಿಯಷ್ಟು ಲಿಂಗದ ಮುಂದೆ ಏಳಲಿಲ್ಲ. ಗಲ್ಲ ಬಡಿದುಕೊಂಡು ದಾರಿ ಬಿಟ್ಟ. ನಮ್ಮವರ ಭಕ್ತಿಯನ್ನು ನಾನು ಅವತ್ತು ನೋಡಿದೆ. ನಗಬೇಕೋ ಅಳಬೇಕೋ ಇನ್ನೂ ತಿಳಿದಿಲ್ಲ.

ಈಗಿನವರು ಈ ಕತೆ ಕೇಳಿ, ನಿಮ್ಮ ಅತ್ತಿಗೆ ದೊಡ್ಡ ಶರಣೆ ಎನ್ನುತ್ತಾರೆ. ಶರಣೆಯಲ್ಲ, ಮಣ್ಣೂ ಅಲ್ಲ. ತಂದೆಯನ್ನು ಹೊಡೆದ ರಕ್ತ ಒರೆಸಿಕೊಳ್ಳದೆ ಅದೇ ಕೈಯಲ್ಲಿ ಮಗಳನ್ನೆತ್ತಿದ ಹೆಂಗಸು ಅವಳು. ಆದರೆ ಎತ್ತಿದ ಮೇಲೆ ಕೆಳಗಿಡಲಿಲ್ಲ. ಶಿವಕಾಂತಾ ಎಂದೇ ಕರೆದಳು. ನಾನು ಭಾಲ್ಕಿಯಲ್ಲಿ ಸಾಲಿ ಕಲಿಸತೊಡಗಿ ರಜೆಗೆ ಬಂದಾಗಲೆಲ್ಲ ನೋಡುತ್ತಿದ್ದೆ: ಊರಿಗೆಲ್ಲ ಕೈ ಎತ್ತುವವಳು ಆ ಹುಡುಗಿಯ ಮೇಲೆ ಒಂದು ದಿನವೂ ಎತ್ತಲಿಲ್ಲ. ಹುಡುಗಿ ಹಾಲಿನ ಗಡಿಗೆ ಒಡೆದರೆ ಗಡಿಗೆಗೆ ಬೈಯುತ್ತಿದ್ದಳು. ಕುಡುಗೋಲನ್ನು ಮಾತ್ರ ಸೊಂಟದಿಂದ ತೆಗೆಯಲಿಲ್ಲ. ಹಗಲಾಗಲಿ ಸಂಜೆಯಾಗಲಿ, ಬಟ್ಟೆ ಸುತ್ತಿದ ಕುಡುಗೋಲು ಅವಳ ನೆರಿಗೆಯ ಹತ್ತಿರ ಇದ್ದೇ ಇರುತ್ತಿತ್ತು.

ಕುಲಸುಮಬೀ ಸತ್ತಿರಲಿಲ್ಲ. ಬಾವಿಯ ಕಲ್ಲುಸಂದಿಯ ಬೇರು ಹಿಡಿದು ಜೋತು ನಿಂತವಳನ್ನು ಮರುದಿನ ಫೌಜಿನವರು ಎತ್ತಿ ಬೀದರದ ಕ್ಯಾಂಪಿಗೆ ಒಯ್ದಿದ್ದರು. ನಿನ್ನ ಮಗಳು ಲೂಟಿಯಲ್ಲೇ ಹೋದಳು ಎಂದು ಯಾರೋ ಅವಳಿಗೆ ಹೇಳಿದರು, ಅವಳು ನಂಬಿದಳು. ನಾಲ್ಕು ವರ್ಷವಾದ ಮೇಲೆ ಅವಳ ಚಿಕ್ಕಮ್ಮನ ಮಗ ಬಾಬುಮಿಯಾ ಹಲಬರ್ಗಾದ ಸಂತೆಯಲ್ಲಿ ನಮ್ಮ ಹುಡುಗಿಯನ್ನು ಕಂಡ. ಕುಲಸುಮಬೀಯ ಮುಖವನ್ನೇ ಅಚ್ಚು ಹಾಕಿದಂತಿತ್ತು. ವಿಚಾರಿಸಿದ, ಬೀದರಕ್ಕೆ ಸುದ್ದಿ ಕಳಿಸಿದ.

ಹೀಗೆ ಐವತ್ತೆರಡರ ಚಳಿಗಾಲದಲ್ಲಿ ಭಾಲ್ಕಿಯ ಅಮೀನರು, ಅಂದರೆ ಠಾಣೆಯ ಸಾಹೇಬರು, ಎರಡೂ ಕಡೆಯವರನ್ನು ಕರೆಸಿದರು. ಗೊತ್ತುಮಾಡಿದ ದಿನ ಬೆಳಿಗ್ಗೆ ಠಾಣೆಗೆ ಹಾಜರಾಗಬೇಕು. ಅತ್ತಿಗೆ ಹುಡುಗಿಯನ್ನು ಕರೆದುಕೊಂಡು ಹಿಂದಿನ ದಿನ ಬೆಳಿಗ್ಗೆಯೇ ರೈಲಿನಲ್ಲಿ ಬಂದಳು, ನನ್ನ ಕೋಣೆಗೆ ಕರೆದೊಯ್ಯಲು ನಾನು ಸ್ಟೇಷನ್ನಿಗೆ ಹೋಗಿದ್ದೆ. ಸ್ಟೇಷನ್ನಿನಲ್ಲೇ ಕುಲಸುಮಬೀಯ ಅಣ್ಣ ರಶೀದ ಅಹ್ಮದ ಎದುರಾದ, ಜೊತೆಗೆ ಬಾಬುಮಿಯಾ. ರಶೀದ ಅಹ್ಮದ ಮರ್ಯಾದೆಯಿಂದಲೇ ಮಾತಾಡಿದ. ಹೆತ್ತವಳು ಬಾಬುಮಿಯಾನ ಮನೆಯಲ್ಲಿ ಕೂತು ಅಳುತ್ತಿದ್ದಾಳೆ, ಒಂದು ಸಲ ಮಗುವಿನ ಮುಖ ತೋರಿಸಿ ಎಂದ. ಅತ್ತಿಗೆ ಅವನ ಅಂಗಿಯ ಕೊರಳುಪಟ್ಟಿ ಹಿಡಿದು ಕಂಬಕ್ಕೆ ಒತ್ತಿದಳು. ಸ್ಟೇಷನ್ನಿಗೆ ಸ್ಟೇಷನ್ನೇ ತಿರುಗಿ ನೋಡಿತು.

"ನನ್ನ ಮಗಳು ಬೂದಿ ಆಗ್ಯಾಳ. ಇಕಿನ್ನೂ ಒಯ್ದರ ನಾ ಯಾರಿಗಿ ಉಣಸ್ಲಿ?"

ಬಾಬುಮಿಯಾ ಅವಳ ಕೈ ಬಿಡಿಸಿದ. ಒಂದು ಮಾತೂ ಆಡಲಿಲ್ಲ. ಮಾತು ಆಡದಿರುವುದು ಅವನ ಜಾಯಮಾನವಲ್ಲ, ಏಕೆಂದರೆ ಅವನ ಹೊಟ್ಟೆಪಾಡೇ ಮಾತು.

ಭಾಲ್ಕಿಯಲ್ಲಿ ಆಗ ಶಿವರಾಜಪ್ಪನ ಟೂರಿಂಗ್ ಟಾಕೀಸ್ ಬೀಡುಬಿಟ್ಟಿತ್ತು. ಪರದೆಯ ಪಕ್ಕ ಬಿದಿರಕೋಲು ಹಿಡಿದು ನಿಂತು, ಬೇರೆ ಭಾಷೆಯ ಸಿನಿಮಾದಲ್ಲಿ ಯಾರು ಏನಂದರು ಎಂದು ಒಮ್ಮೆ ದಖ್ಖನಿಯಲ್ಲಿ ಒಮ್ಮೆ ಕನ್ನಡದಲ್ಲಿ ಕೂಗಿ ಹೇಳುವುದು ಬಾಬುಮಿಯಾನ ಕೆಲಸ. ಅವನಿಗೆ ಇಂಗ್ಲಿಷ್ ಒಂದಕ್ಷರ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಪರದೆಯ ಮೇಲಿನ ಬಿಳಿಯರು ಏನೇ ಅನ್ನಲಿ, ಭಾಲ್ಕಿಯಲ್ಲಿ ಅವರು ಆಡಿದ್ದು ಬಾಬುಮಿಯಾ ಆಡಿಸಿದ್ದೇ. ಆ ವಾರ ಬರಬೇಕಿದ್ದ ಪುರಾಣದ ಸಿನಿಮಾದ ಡಬ್ಬಿ ಬಾರದೆ, ಸಿಕಂದರಾಬಾದಿನ ಸೋಲ್ಜರರು ನೋಡಿ ಬಿಟ್ಟ ಒಂದು ಅಮೆರಿಕದ ಸಿನಿಮಾ ಬಂದಿತ್ತು. ತಾಯಿ-ಮಗಳ ಕತೆ, ಸೆರಗು ಒದ್ದೆಯಾಗದಿದ್ದರೆ ಟಿಕೀಟಿನ ದುಡ್ಡು ವಾಪಸ್ ಎಂದು ಭೋಂಗಾದಲ್ಲಿ ಸಾರಿದರು. ಹುಡುಗಿ ಹಠ ಹಿಡಿಯಿತು. ನಾಳೆ ಏನಾಗುವುದೋ ಎಂಬ ಸಂಕಟದಲ್ಲಿ ಅತ್ತಿಗೆಗೆ ಇಲ್ಲ ಎನ್ನಲಾಗಲಿಲ್ಲ. ದೀಪ ಹಚ್ಚುವ ಹೊತ್ತಿನ ಆಟಕ್ಕೆ ಹೋದೆವು.

ಹೆಂಗಸರ ಕಡೆಗೆ ಅಡ್ಡ ಪರದೆ ಕಟ್ಟಿದ್ದರು. ಚಾಪೆಯ ಮೇಲೆ ಒತ್ತೊತ್ತಾಗಿ ಕೂತೆವು. ಹುಡುಗಿ ಅತ್ತಿಗೆಯ ತೊಡೆಯ ಮೇಲೆ. ಕತೆ ಇಷ್ಟು: ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ಅಗಸಗಿತ್ತಿ. ಗಂಡ ಹಡಗಿನಲ್ಲಿ ಸತ್ತ. ಸಾಕಲಾರದೆ ಕೂಸನ್ನು ಒಬ್ಬ ಜಜ್ಜನ ಬಾಗಿಲಲ್ಲಿಟ್ಟು ಹೋಗುತ್ತಾಳೆ. ಜಜ್ಜನ ಹೆಂಡತಿಯ ಕೂಸು ಆಗಷ್ಟೇ ಜ್ವರದಲ್ಲಿ ತೀರಿಹೋಗಿರುತ್ತದೆ. ಇದನ್ನೇ ತನ್ನದೆಂದು ಸಾಕುತ್ತಾಳೆ. ವರ್ಷಗಳ ಮೇಲೆ ಅಗಸಗಿತ್ತಿ ಅದೇ ಮನೆಗೆ ಬಟ್ಟೆ ಒಗೆಯಲು ಬರುತ್ತಾಳೆ, ಮಗಳ ಫ್ರಾಕನ್ನೇ ಒಗೆಯುತ್ತ, ಅದರಲ್ಲಿ ಮುಖ ಮುಚ್ಚಿ ಅಳುತ್ತಾಳೆ. ಕೊನೆಗೊಂದು ದಿನ ತಡೆಯಲಾರದೆ, ಅದು ನನ್ನ ಮಗಳು, ಕೊಡು ಎಂದು ಕೇಳುತ್ತಾಳೆ. ಜಜ್ಜನ ಹೆಂಡತಿ ಅವಳನ್ನು ಹೊರದಬ್ಬಿ ಬಾಗಿಲು ಹಾಕುತ್ತಾಳೆ. ಹೊರಗೆ ಮೇಲಿಂದ ಬೆಳ್ಳಗೆ ಏನೋ ಉದುರುತ್ತಿತ್ತು. ಬಾಬುಮಿಯಾ ಅದನ್ನು ಬರ್ಫ್ ಎಂದ. ನನ್ನ ಪಕ್ಕದವಳು, ಜಿನ್ನಿಂಗ್ ಮಿಲ್ಲಿನ ಹತ್ತಿ ಹಾರಿಬರುತ್ತಿದೆ ಎಂದಳು.

ಅಗಸಗಿತ್ತಿ ಅದರಲ್ಲಿ ನಿಂತು ಬಾಗಿಲು ಬಡಿಯುತ್ತಲೇ ಇದ್ದಳು. ಅತ್ತಿಗೆ ಮೊದಲು ಗೊಣಗಿದಳು, ಆಮೇಲೆ ಮೊಣಕಾಲ ಮೇಲೆ ಎದ್ದಳು. ಸಿನಿಮಾ ಎಂದರೆ ನೆರಳು ಎಂದು ನಾನು ದಾರಿಯಲ್ಲಿ ಹೇಳಿದ್ದೆಲ್ಲ ಮರೆತುಹೋಗಿತ್ತು. ಪರದೆಯ ಕಡೆ ಕೈ ಚಾಚಿ ಜಜ್ಜನ ಹೆಂಡತಿಗೆ ಕೂಗಿದಳು.

"ಕೊಡಲೇ ರಂಡಿ! ಹೆತ್ತಾಕಿ ಬಾಗಲಾಗ ನಿಂತಾಳ, ಕೊಡು!"

ಡೇರೆಗೆ ಡೇರೆಯೇ ನಕ್ಕಿತು. ಆಮೇಲೆ ಗಂಡಸರ ಕಡೆಯಿಂದಲೂ ಕೊಡು, ಕೊಡು ಎಂದು ಕೂಗು ಎದ್ದಿತು. ಆಗ ಪರದೆಯ ಮೇಲೆ ಜಜ್ಜನ ಹೆಂಡತಿ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಬಾಯಿ ತೆರೆದಳು. ತುಂಬ ಹೊತ್ತು ಮಾತಾಡಿದಳು. ಬಾಬುಮಿಯಾ ಸುಮ್ಮನಿದ್ದ. ಏನಂತಾಳೋ ಹೇಳು ಎಂದು ಮಂದಿ ಗದರಿತು. ಅವನು ಕೋಲು ಕೆಳಗಿಳಿಸಿ ಹೆಂಗಸರ ಕಡೆ ತಿರುಗಿ, ಎಂದಿನ ಕೂಗಿಲ್ಲದೆ ಹೇಳಿದ.

"ಆಕಿ ಹೇಳ್ಲಿಕತ್ತಾಳ್ರಿ: ನನ್ನ ಮಗಳು ಬೂದಿ ಆಗ್ಯಾಳ. ಇಕಿನ್ನೂ ಒಯ್ದರ ನಾ ಯಾರಿಗಿ ಉಣಸ್ಲಿ?"

ಆ ದೊರೆಸಾನಿಯ ಕೂಸು ಸತ್ತದ್ದು ಜ್ವರದಿಂದ, ಬೂದಿಯಾಗಿರಲಿಲ್ಲ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅತ್ತಿಗೆ ಚಾಚಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು ನಿಂತಳು. ಪರದೆಯ ಬೆಳಕು ಅವಳ ಮುಖದ ಮೇಲಿತ್ತು. ಬೆಳಿಗ್ಗೆ ತಾನು ಆಡಿದ ಮಾತನ್ನು, ತಾನೇ ಈಗಷ್ಟೇ ರಂಡೆ ಎಂದು ಬೈದ ಹೆಂಗಸಿನ ಬಾಯಿಂದ ಕೇಳಿದಳು. ಅವಳಿಗೆ ಅದನ್ನು ಬಿಡಿಸಿ ಹೇಳುವವರು ಬೇಕಿರಲಿಲ್ಲ.

ಹುಡುಗಿ ಸೆರಗು ಜಗ್ಗಿ, ಅವಳ್ಯಾಕೆ ಕೊಡುತ್ತಿಲ್ಲ ಎಂದು ಕೇಳಿತು. ನಮ್ಮ ಹಿಂದಿನ ಚಾಪೆಯಲ್ಲಿ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅತ್ತಿಗೆ ತಿರುಗಿದಳು. ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿಕೊಂಡು, ಬಾಬುಮಿಯಾನ ಹೆಂಡತಿಯ ಪಕ್ಕ ಕುಲಸುಮಬೀ ಕೂತಿದ್ದಳು. ಅವಳು ಪರದೆ ನೋಡುತ್ತಿರಲಿಲ್ಲ. ಆಟ ಶುರುವಾದಾಗಿನಿಂದ ಅವಳು ನೋಡಿದ್ದು ಹುಡುಗಿಯ ಬೆನ್ನು.

ಅತ್ತಿಗೆ ಒಂದು ಕೈಯಲ್ಲಿ ಹುಡುಗಿಯನ್ನು, ಇನ್ನೊಂದು ಕೈಯಲ್ಲಿ ಕುಲಸುಮಬೀಯ ರಟ್ಟೆಯನ್ನು ಹಿಡಿದು ಚಾಪೆಗಳನ್ನು ತುಳಿದುಕೊಂಡು ಹೊರಗೆಳೆದಳು. ಡೇರೆಯ ಹಿಂದೆ ಕರೆಂಟಿನ ಇಂಜಿನ್ ಭಡಭಡ ಎನ್ನುತ್ತಿತ್ತು, ಅದರ ಮೇಲೊಂದು ಬಲ್ಬು. ನಾನು ಓಡಿ ಹೋಗುವಷ್ಟರಲ್ಲಿ ಅವಳು ಸೊಂಟದಿಂದ ಕುಡುಗೋಲು ತೆಗೆದು ಬಟ್ಟೆ ಬಿಚ್ಚಿದ್ದಳು. ಮುಗಿಯಿತು, ಈಕೆ ಇವಳನ್ನೂ ಕಡಿಯುತ್ತಾಳೆ ಎಂದುಕೊಂಡೆ. ಅತ್ತಿಗೆ ಕುಡುಗೋಲನ್ನು ತಿರುಗಿಸಿ ಹಿಡಿಕೆಯನ್ನು ಕುಲಸುಮಬೀಯ ಮುಂದೆ ಹಿಡಿದಳು.

"ನಿನ್ನ ಗಂಡಗ ಮೊದಲ ಹೊಡದಾಕಿ ನಾನು. ನೀ ಕಟ್ಟಿ ಮ್ಯಾಲಿಂದ ನೋಡೀದಿ. ಮೊದಲ ಅದನ್ನ ತೀರಸ್ಕೊ, ಆಮ್ಯಾಲ ಮಗಳಿಗಿ ಒಯ್ಯಿ."

ಕುಲಸುಮಬೀ ಬೇಡ ಎನ್ನಲಿಲ್ಲ. ಕತೆಗಳಲ್ಲಿ ಎನ್ನುತ್ತಾರೆ, ಕುಡುಗೋಲು ಬಿಸಾಡಿ ತಬ್ಬಿಕೊಂಡು ಅಳುತ್ತಾರೆ. ಅವಳು ತೆಗೆದುಕೊಂಡಳು, ಎತ್ತಿದಳು, ಹೊಡೆದಳು. ಏಟು ಎಡ ಹೆಗಲಿನ ಸಂದಿಗೆ ಬಿತ್ತು. ಎಲುಬಿಗೆ ಬಡಿದ ಸದ್ದು ಇಂಜಿನ್ನಿನ ಗದ್ದಲದಲ್ಲೂ ನನಗೆ ಕೇಳಿತು. ಅತ್ತಿಗೆ ಮೊಣಕಾಲೂರಿದಳು. ಕುಲಸುಮಬೀ ಎರಡನೆಯ ಸಲ ಎತ್ತಿದಾಗ ಹುಡುಗಿ ಅವ್ವಾ ಎಂದು ಚೀರಿ ಅತ್ತಿಗೆಯ ಕುತ್ತಿಗೆಗೆ ಬಿತ್ತು. ಎತ್ತಿದ ಕುಡುಗೋಲಿನ ಕೆಳಗೆ ಈಗ ಹುಡುಗಿಯ ಬೆನ್ನಿತ್ತು. ಕುಲಸುಮಬೀ ಕುಡುಗೋಲನ್ನು ಇಂಜಿನ್ನಿನ ಆಚೆಗೆ ಎಸೆದು, ತನ್ನ ಕೈಯನ್ನೇ ಕಚ್ಚಿಕೊಂಡಳು.

ರಕ್ತ ಹುಡುಗಿಯ ಲಂಗದ ಮೇಲೆ ಇಳಿಯುತ್ತಿತ್ತು. ಅತ್ತಿಗೆ ಹುಡುಗಿಯನ್ನು ಬಿಡಿಸಿಕೊಳ್ಳಲು ನೋಡಿದಳು, ಅದು ಬಿಡಲಿಲ್ಲ. ಅಮ್ಮನ ಹತ್ತಿರ ಹೋಗು ಎಂದಳು, ಹೋಗಲಿಲ್ಲ. ಆಗ ಬಲಗೈ ಎತ್ತಿ ಅದರ ಕೆನ್ನೆಗೆ ಹೊಡೆದಳು. ಹಾವಗೆಪ್ಪನಿಗೆ ಹೊಡೆದ ಹಾಗೆ, ಪೂರ್ತಿ ಕೈ ಬೀಸಿ. ಹುಡುಗಿ ಉರುಳಿ ಕುಲಸುಮಬೀಯ ಕಾಲ ಬಳಿ ಬಿತ್ತು.

"ನಾ ನಿನ್ನವ್ವ ಅಲ್ಲ. ಮತ್ತ ಬಂದರ ಮತ್ತ ಹೊಡೀತೇನಿ."

ಹುಡುಗಿ ಅಳುವುದನ್ನೂ ಮರೆತು ಅವಳನ್ನು ನೋಡಿತು. ಕುಲಸುಮಬೀ ಅದನ್ನು ಬಾಚಿ ಎತ್ತಿಕೊಂಡಳು. ಅವಳ ಬೆರಳು ಹುಡುಗಿಯ ಕೊರಳಿನ ಲಿಂಗದ ದಾರಕ್ಕೆ ತಾಕಿ ನಿಂತವು. ಅತ್ತಿಗೆ ನೆಲದಿಂದಲೇ, ಅದೊಂದನ್ನು ತೆಗೆಯಬೇಡ, ಅದನ್ನು ನೋಡಿಯೇ ಅವತ್ತು ಬಿಟ್ಟರು ಎಂದಳು. ಕುಲಸುಮಬೀ ಲಿಂಗವನ್ನು ಹುಡುಗಿಯ ಅಂಗಿಯೊಳಗೆ ಸರಿಸಿದಳು. ಡೇರೆಯೊಳಗೆ ಮಂದಿ ಮೂಗು ಒರೆಸಿಕೊಳ್ಳುತ್ತಿದ್ದರು. ಅಗಸಗಿತ್ತಿಗೆ ಮಗಳು ಸಿಕ್ಕಳೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಅಮೀನರ ಮುಂದೆ ಅತ್ತಿಗೆ, ಡೇರೆಯ ತಂತಿಗೆ ಬಿದ್ದು ಹೆಗಲು ಸೀಳಿತು ಎಂದಳು. ಮಗು ಹೆತ್ತವಳದ್ದು ಎಂದು ಹೆಬ್ಬೆಟ್ಟು ಒತ್ತಿದಳು. ಎಡಗೈ ಆಮೇಲೆ ಮೇಲೇಳಲೇ ಇಲ್ಲ. ಬಲಗೈ ಮಾತ್ರ ಮೊದಲಿನ ಹಾಗೆಯೇ ಇತ್ತು. ಹಾವಗೆಪ್ಪ ಇನ್ನೂ ಎರಡು ಸಲ ತಿಂದ.

ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರುವ ವರ್ಷ ನಾನು ಟ್ರೇನಿಂಗಿಗೆ ಬೀದರದಲ್ಲಿದ್ದೆ. ಚೌಬಾರಾ ಹತ್ತಿರದ ಓಣಿಯಲ್ಲಿ ಕುಲಸುಮಬೀ ಬಳೆ ಅಂಗಡಿ ಇಟ್ಟಿದ್ದಾಳೆಂದು ಕೇಳಿ ಹೋದೆ. ನನ್ನ ಕೈ ಒತ್ತಿ ಅಳತೆ ನೋಡಿ, ಕೇಳದೆಯೇ ಹಸಿರು ಬಳೆ ತೆಗೆದಳು. ಜಾಹೇದಾ ಪಕ್ಕದಲ್ಲಿ ಬಳೆ ಜೋಡಿಸುತ್ತ ಕೂತಿದ್ದಳು. ಹತ್ತು ವರ್ಷದ ಹುಡುಗಿ, ತಲೆಯ ಮೇಲೆ ಓಢಣಿ. ನನ್ನನ್ನು ಗುರುತಿಸಿದಳು. ಎಡಗೆನ್ನೆ ಮುಟ್ಟಿಕೊಂಡು, ತಲೆ ಎತ್ತದೆ ಕೇಳಿದಳು.

"ಅವ್ವ ಯಾಕ ಹೊಡದಳ್ರಿ?"

ಉತ್ತರ ಕೊಟ್ಟವಳು ಕುಲಸುಮಬೀ. ನನ್ನ ಕೈಯಲ್ಲಿ ಬಳೆ ತಿರುಗಿಸುತ್ತಲೇ ಹೇಳಿದಳು.

"ನಾ ಹೊಡದ ಏಟಿಗಿಂತ ಅಕಿ ಹೊಡದ ಏಟು ಜೋರ ಇತ್ತು ಬೇಟಾ. ಆ ಪೆಟ್ಟು ಅಕಿಗೇ ಹೆಚ್ಚಿಗಿ ಹತ್ತ್ಯದ."

ರಜೆಗೆ ಊರಿಗೆ ಹೋದಾಗ ಅತ್ತಿಗೆ ಒಲೆಯ ಮುಂದಿದ್ದಳು. ಎಲ್ಲವನ್ನೂ ಹೇಳಿದೆ, ಅಂಗಡಿ, ಓಢಣಿ, ಆ ಪ್ರಶ್ನೆ, ಆ ಉತ್ತರ. ಅವಳು ಒಲೆಗೆ ಕಟ್ಟಿಗೆ ನೂಕಿ, ಕೊರಳಲ್ಲಿ ದಾರ ಇತ್ತೇನು ಎಂದಷ್ಟೇ ಕೇಳಿದಳು. ಇತ್ತು ಎಂದೆ. ಅವಳು ಹಿಟ್ಟಿನ ಉಂಡೆ ತೆಗೆದುಕೊಂಡು ಒಂದೇ ಕೈಯಲ್ಲಿ ರೊಟ್ಟಿ ಬಡಿಯತೊಡಗಿದಳು.